ರಾಜಾ ಅಂಪಾಟ್‌ನಲ್ಲಿ ಹತ್ತು ರಾತ್ರಿ ದೋಣಿವಾಸ: ಮುಂಗಡ ಕಟ್ಟುವ ಮೊದಲು ಕೇಳಬೇಕಾದದ್ದು

ಪ್ರಶ್ನೆ (ಬೆಂಗಳೂರಿನ ಸದಸ್ಯರು): ನಾನು ಮತ್ತು ನನ್ನ ಪತ್ನಿ ಮೂರು ವರ್ಷಗಳ ಹಿಂದೆ ಮುರುಡೇಶ್ವರದ ಸಮೀಪದ ನೇತ್ರಾಣಿಯಲ್ಲಿ ಮೊದಲ ಬಾರಿ ಸ್ಕೂಬಾ ಮಾಡಿ, ಆಮೇಲೆ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಓಪನ್ ವಾಟರ್ ಪ್ರಮಾಣಪತ್ರ ಪಡೆದೆವು. ಈವರೆಗೆ ತಲಾ ಹದಿನಾಲ್ಕು ಡೈವ್ ಆಗಿವೆ. ಬರುವ ಜನವರಿಯಲ್ಲಿ ಇಂಡೋನೇಷ್ಯಾದ ರಾಜಾ ಅಂಪಾಟ್‌ನಲ್ಲಿ ಹತ್ತು ರಾತ್ರಿ ದೋಣಿಯಲ್ಲೇ ತಂಗಿ ಡೈವ್ ಮಾಡುವ ಲೈವ್‌ಅಬೋರ್ಡ್ ಪ್ರವಾಸಕ್ಕೆ ಮುಂಗಡ ಕಟ್ಟಲು ಹೊರಟಿದ್ದೇವೆ. ನಮಗಿರುವ ಅನುಭವ ಸಾಕೆ? ಅಲ್ಲಿ ದೋಣಿಗಳಲ್ಲಿ ಕೆಲಸ ಮಾಡಿದ ತಮ್ಮ ಅಭಿಪ್ರಾಯ ಬೇಕಾಗಿದೆ.

ಉತ್ತರ (ಡೈವಿಂಗ್ ಬೋಧಕ): ಈ ಜನವರಿಗೆ ಸಾಲದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮುಂದಿನ ಜನವರಿಯ ಹೊತ್ತಿಗೆ ಧಾರಾಳವಾಗಿ ಸಾಕಾಗುವಂತೆ ಮಾಡಿಕೊಳ್ಳಬಹುದು. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಾಜಾ ಅಂಪಾಟ್ ಎಂದರೆ ನಾಲ್ವರು ರಾಜರು. ವೈಗಿಯೊ, ಬಟಾಂಟಾ, ಸಲಾವತಿ, ಮಿಸೂಲ್ ಎಂಬ ನಾಲ್ಕು ದೊಡ್ಡ ದ್ವೀಪಗಳ ಸುತ್ತ ನೂರಾರು ಸಣ್ಣ ದ್ವೀಪಗಳಿವೆ. ಜಗತ್ತಿನಲ್ಲಿ ತಿಳಿದಿರುವ ಕಲ್ಲುಹವಳದ ಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಲ್ಲಿವೆ. ಕ್ರಿ ದ್ವೀಪದ ತುದಿಯ ಕೇಪ್ ಕ್ರಿ ಎಂಬ ಒಂದೇ ತಾಣದಲ್ಲಿ, ಒಂದೇ ಡೈವ್‌ನಲ್ಲಿ, ಮತ್ಸ್ಯವಿಜ್ಞಾನಿ ಜೆರಾಲ್ಡ್ ಆ್ಯಲೆನ್ ಅವರು 2012ರಲ್ಲಿ 374 ಜಾತಿಯ ಮೀನುಗಳನ್ನು ಎಣಿಸಿದ್ದರು. ಇಷ್ಟು ಮೀನು ಅಲ್ಲಿ ಸೇರುವುದಕ್ಕೆ ಮುಖ್ಯ ಕಾರಣ ನೀರಿನ ಸೆಳೆತ. ಪಶ್ಚಿಮ ಪೆಸಿಫಿಕ್‌ನ ನೀರಿನ ಮಟ್ಟ ಹಿಂದೂ ಮಹಾಸಾಗರದ್ದಕ್ಕಿಂತ ಎತ್ತರದಲ್ಲಿರುವುದರಿಂದ ಅಲ್ಲಿಯ ನೀರು ಇಂಡೋನೇಷ್ಯಾದ ದ್ವೀಪಗಳ ಸಂದುಗಳ ಮೂಲಕ ಈಚೆಗೆ ಹರಿಯುತ್ತಲೇ ಇರುತ್ತದೆ. ಅದರ ಮೇಲೆ ದಿನದ ಉಬ್ಬರವಿಳಿತವೂ ಸೇರಿ, ವೈಗಿಯೊ ಮತ್ತು ಬಟಾಂಟಾಗಳ ನಡುವಿನ ಡ್ಯಾಂಪಿಯರ್ ಜಲಸಂಧಿಯಲ್ಲಿ ಇಕ್ಕಟ್ಟಿಗೆ ಸಿಕ್ಕಿ ಹೊಳೆಯಂತೆ ನುಗ್ಗುತ್ತದೆ. ಮಳೆಗಾಲದ ತುಂಗೆಯ ನೀರು ಬಂಡೆಗೆ ಬಡಿದು ಎರಡಾಗಿ ಒಡೆಯುವುದನ್ನು ನೋಡಿದವರು, ಅದೇ ದೃಶ್ಯವನ್ನು ಇಪ್ಪತ್ತು ಮೀಟರ್ ಆಳದಲ್ಲಿ ಕಲ್ಪಿಸಿಕೊಳ್ಳಿ. ನೀರು ಬಂದು ಬಡಿಯುವ ಆ ಮೂಲೆಯಲ್ಲೇ ಮೀನುಗಳ ಜಾತ್ರೆ ನೆರೆಯುತ್ತದೆ, ಗೈಡ್ ನಿಮ್ಮನ್ನು ಕರೆದೊಯ್ಯುವುದೂ ಅಲ್ಲಿಗೇ.

ನೇತ್ರಾಣಿಯಲ್ಲಿ ನೀವು ಕಂಡ ಶಾಂತ ನೀರಿಗೂ ಇದಕ್ಕೂ ಹೋಲಿಕೆಯಿಲ್ಲ. ಇಲ್ಲಿ ಕೆಲವು ತಾಣಗಳಲ್ಲಿ ದೋಣಿಯಿಂದ ಹಾರಿದ ಕೂಡಲೇ, ಮೇಲೆ ಒಂದು ಕ್ಷಣವೂ ತೇಲದೆ, ನೇರವಾಗಿ ಕೆಳಗಿಳಿಯಬೇಕು. ಕಿವಿಯ ಒತ್ತಡ ಸರಿಹೋಗುವುದು ಅರ್ಧ ನಿಮಿಷ ತಡವಾದರೂ ನೀವು ಬಂಡೆಯನ್ನು ದಾಟಿ ಕಡಲ ಕಡೆಗೆ ಹೋಗಿರುತ್ತೀರಿ. ಕೆಳಗೆ ತಲುಪಿದ ಮೇಲೆ ಸತ್ತ ಹವಳದ ಕಲ್ಲಿಗೆ ಕೊಕ್ಕೆ ಸಿಕ್ಕಿಸಿ, ತೇಲುವಿಕೆಯನ್ನು ಹೊಂದಿಸುವ ಜಾಕೆಟ್ಟಿಗೆ ಎಷ್ಟು ಬೇಕೋ ಅಷ್ಟೇ ಗಾಳಿ ತುಂಬಿ, ಗಾಳಿಪಟದ ಹಾಗೆ ನಿಲ್ಲಬೇಕು. ತೇಲುವಿಕೆಯ ಹಿಡಿತ ಕೈಗೆ ಬಾರದವರು ಅಲ್ಲಿ ಗಾಬರಿಯಿಂದ ಜೀವಂತ ಹವಳವನ್ನೇ ಹಿಡಿದುಕೊಳ್ಳುತ್ತಾರೆ. ಕೈಯೂ ಗಾಯವಾಗುತ್ತದೆ, ನೂರಾರು ವರ್ಷ ಬೆಳೆದ ಹವಳವೂ ಮುರಿಯುತ್ತದೆ. ಅದನ್ನು ಎದುರಿಗೆ ನಿಂತು ನೋಡುವುದು ನನಗೆ ಇಂದಿಗೂ ಸಂಕಟದ ಸಂಗತಿ.

ಆದ್ದರಿಂದ ನನ್ನ ಸಲಹೆ ಇಷ್ಟು. ಓಪನ್ ವಾಟರ್ ಪ್ರಮಾಣಪತ್ರದ ಮಿತಿ 18 ಮೀಟರ್. ಅಡ್ವಾನ್ಸ್ಡ್ ತರಬೇತಿ ಪಡೆದು 30 ಮೀಟರಿನವರೆಗೆ ಇಳಿಯುವ ಅರ್ಹತೆ ಗಳಿಸಿರಿ. ಜೊತೆಗೆ ನೈಟ್ರಾಕ್ಸ್ ತರಬೇತಿಯನ್ನೂ ಮಾಡಿಕೊಳ್ಳಿ. ದಿನಕ್ಕೆ ಮೂರು ನಾಲ್ಕು ಡೈವ್‌ಗಳಂತೆ ಹತ್ತು ದಿನ ಮುಳುಗುವಾಗ ದೇಹದಲ್ಲಿ ನೈಟ್ರೋಜನ್ ಕೂಡುತ್ತ ಹೋಗುತ್ತದೆ; ಸಾಮಾನ್ಯ ಗಾಳಿಯಲ್ಲಿರುವ 21ಕ್ಕೆ ಬದಲಾಗಿ ಶೇಕಡಾ 32 ಆಮ್ಲಜನಕವಿರುವ ಮಿಶ್ರಣವನ್ನು ಉಸಿರಾಡಿದರೆ ಆ ಹೊರೆ ಕಡಿಮೆಯಾಗುತ್ತದೆ. ಆದರೆ ಅದೇ ಮಿಶ್ರಣದೊಂದಿಗೆ ಸುಮಾರು 33 ಮೀಟರಿಗಿಂತ ಕೆಳಗೆ ಇಳಿದರೆ ಆಮ್ಲಜನಕವೇ ವಿಷವಾಗುವ ಅಪಾಯವಿರುವುದರಿಂದ ಪ್ರತಿ ಸಿಲಿಂಡರನ್ನೂ ನೀವೇ ಅಳೆದು, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇನ್ನು ಡೈವ್‌ಗಳ ಸಂಖ್ಯೆ ಕನಿಷ್ಠ ಐವತ್ತಕ್ಕೆ ಮುಟ್ಟಲಿ. ಅವುಗಳಲ್ಲಿ ಹತ್ತಾದರೂ ಸೆಳೆತವಿರುವ ನೀರಿನಲ್ಲಿ ಆಗಿರಲಿ.

ಮರುಪ್ರಶ್ನೆ (ಅದೇ ಸದಸ್ಯರು): ನಿರಾಸೆಯಾದರೂ ಒಪ್ಪುತ್ತೇನೆ. ಸೆಳೆತದಲ್ಲಿ ಗುಂಪಿನಿಂದ ಬೇರೆಯಾಗಿಬಿಟ್ಟರೆ ಏನು ಮಾಡಬೇಕು? ನನ್ನ ಪತ್ನಿಗೆ ಇರುವ ಭಯ ಇದೊಂದೇ.

ಉತ್ತರ: ಅವರ ಭಯ ಸಕಾರಣವಾದದ್ದು. ಒಮ್ಮೆ ನನ್ನ ಗುಂಪಿನಲ್ಲಿದ್ದ ಒಬ್ಬರು ಕ್ಯಾಮೆರಾದ ಮೇಲೆ ಕಣ್ಣಿಟ್ಟು ಅರೆಕ್ಷಣ ಹಿಂದುಳಿದರು. ನಾನು ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಬರಿಯ ಮೀನುಗಳಿದ್ದವು. ಅವರು ಕಲಿತದ್ದನ್ನು ಮರೆಯಲಿಲ್ಲ: ಒಂದು ನಿಮಿಷ ಸುತ್ತ ಹುಡುಕಿದರು, ಸಿಗದಿದ್ದಾಗ ನಿಧಾನವಾಗಿ ಏರಿ, ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು, ಅಲ್ಲಿಂದಲೇ ಕಿತ್ತಳೆ ಬಣ್ಣದ ಗುರುತಿನ ಬಲೂನನ್ನು ಮೇಲಕ್ಕೆ ಬಿಟ್ಟರು. ನಾವು ಮೇಲೆ ಬಂದಾಗ ಅವರು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿದ್ದರು. ಅಲೆಗಳ ನಡುವೆ ಮನುಷ್ಯನ ತಲೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ಆಳೆತ್ತರದ ಆ ಬಲೂನು ಮಾತ್ರ ಚಿಕ್ಕದೋಣಿಯ ಚಾಲಕನ ಕಣ್ಣಿಗೆ ಬಿತ್ತು. ಆದ್ದರಿಂದ ದಂಪತಿಗಳಿಗೆ ಸೇರಿ ಒಂದಲ್ಲ, ಇಬ್ಬರ ಬಳಿಯೂ ಒಂದೊಂದು ಬಲೂನು, ಸೀಟಿ ಮತ್ತು ಕನ್ನಡಿ ಇರಲಿ. ನೀರಿನೊಳಗಿನಿಂದ ಬಲೂನು ಬಿಡುವುದನ್ನು ಈಜುಕೊಳದಲ್ಲಿ ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿರಿ.

ಇನ್ನೆರಡು ಸೂಚನೆಗಳನ್ನು ನೀರೇ ಕೊಡುತ್ತದೆ. ಮೀನುಗಳೆಲ್ಲ ಯಾವ ಕಡೆಗೆ ಮೂತಿ ಮಾಡಿ ನಿಂತಿವೆಯೋ ಆ ಕಡೆಯಿಂದ ಸೆಳೆತ ಬರುತ್ತಿದೆ ಎಂದು ತಿಳಿಯಿರಿ. ನಿಮ್ಮ ಉಸಿರಿನ ಗುಳ್ಳೆಗಳು ಮೇಲಕ್ಕೇರದೆ ಮುಖದ ಮುಂದೆಯೇ ಸುಳಿದು ಕೆಳಗಿಳಿಯತೊಡಗಿದರೆ ನೀರು ನಿಮ್ಮನ್ನು ಆಳಕ್ಕೆ ಎಳೆಯುತ್ತಿದೆ. ಆಗ ನೇರ ಮೇಲಕ್ಕೆ ಹೋರಾಡಿ ದಣಿಯದೆ, ಗೈಡ್ ತೋರಿದ ದಿಕ್ಕಿನಲ್ಲಿ ಅಡ್ಡಕ್ಕೆ ಈಜಿ ಅದರಿಂದ ಹೊರಬರಬೇಕು.

ಪ್ರಶ್ನೆ (ಮೈಸೂರಿನ ಸದಸ್ಯರು): ನಾವು ಸಸ್ಯಾಹಾರಿಗಳು. ಹತ್ತು ದಿನ ನಡುಗಡಲಿನಲ್ಲಿ ಊಟದ ಗತಿಯೇನು?

ಉತ್ತರ: ತೊಂದರೆಯಾಗದು. ತೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ), ತೋಫು, ಅನ್ನ, ಕಡಲೆಕಾಯಿ ಗೊಜ್ಜಿನೊಂದಿಗಿನ ಗಾಡೊ-ಗಾಡೊ ಎಲ್ಲವೂ ಅಲ್ಲಿಯ ನಿತ್ಯದ ಅಡುಗೆಯೇ. ಆದರೆ ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಹೆಚ್ಚಾಗಿ ‘ತೆರಾಸಿ’ ಎಂಬ ಸಿಗಡಿಯ ಹಿಂಡಿ ಸೇರಿರುತ್ತದೆ, ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಕಾಯ್ದಿರಿಸುವಾಗಲೇ ಬರೆದು ತಿಳಿಸಿ, ಮೊದಲ ದಿನವೇ ಅಡುಗೆಯವರಿಗೆ ‘ತೆರಾಸಿ ಬೇಡ’ ಎಂದು ಹೇಳಿ. ಚಟ್ನಿಪುಡಿ ಮತ್ತು ಉಪ್ಪಿನಕಾಯಿ ಒಯ್ಯುವವರಿಗೆ ನನ್ನ ಪೂರ್ಣ ಬೆಂಬಲವಿದೆ.

ಪ್ರಶ್ನೆ (ಮಂಗಳೂರಿನ ಸದಸ್ಯರು): ಮರದ ದೋಣಿ ಎಂದು ಕೇಳಿದ್ದೇನೆ. ಬೆಂಕಿಯ ಅಪಾಯವಿಲ್ಲವೇ? ಒಳ್ಳೆಯ ದೋಣಿಯನ್ನು ಗುರುತಿಸುವುದು ಹೇಗೆ?

ಉತ್ತರ: ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೇಳಿದ್ದಕ್ಕೆ ಕೃತಜ್ಞ. ಅಲ್ಲಿಯ ದೋಣಿಗಳಲ್ಲಿ ಹೆಚ್ಚಿನವು ಪಿನಿಸಿ ಮಾದರಿಯ, ಎರಡು ಕೂವೆಮರಗಳ ಮರದ ಹಡಗುಗಳು. ದಕ್ಷಿಣ ಸುಲಾವೇಸಿಯ ಬುಲುಕುಂಬಾದ ಕಡಲತೀರದಲ್ಲಿ ಮೇಸ್ತ್ರಿಗಳು ಇಂದಿಗೂ ಅವುಗಳನ್ನು ಮರಳ ಮೇಲೆಯೇ ಕಟ್ಟುತ್ತಾರೆ. ಆ ಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೇರಳದ ಬೇಪೂರಿನಲ್ಲಿ ಕಟ್ಟುವ ಉರು ಎಂಬ ಮರದ ಹಡಗುಗಳನ್ನು ನೋಡಿರುವ ಕರಾವಳಿಯವರಿಗೆ ಈ ಕಸುಬಿನ ಘನತೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹಡಗು ಎಷ್ಟೇ ಸುಂದರವಾಗಿದ್ದರೂ ಮರ ಮರವೇ.

2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ‘ಕಾನ್ಸೆಪ್ಷನ್’ ಎಂಬ ಡೈವಿಂಗ್ ದೋಣಿಗೆ ಬೆಂಕಿ ಬಿದ್ದು, ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿಯೂ ಸತ್ತರು. ಅಂದು ರಾತ್ರಿ ಎಚ್ಚರವಿದ್ದು ದೋಣಿಯನ್ನು ಸುತ್ತುವ ಕಾವಲಿನವರು ಇರಲಿಲ್ಲ. ಕೆಳಗಿನಿಂದ ಹೊರಬರುವ ಎರಡು ದಾರಿಗಳೂ ಬೆಂಕಿಯಿದ್ದ ಕೋಣೆಗೇ ತೆರೆದುಕೊಂಡಿದ್ದವು. ಆದ್ದರಿಂದ ಮುಂಗಡ ಕಟ್ಟುವ ಮೊದಲು ಪತ್ರ ಬರೆದು ಕೇಳಿ: ರಾತ್ರಿಯಿಡೀ ಕಾವಲಿಗೆ ಯಾರಿರುತ್ತಾರೆ, ನನ್ನ ಕೋಣೆಯಿಂದ ಹೊರಬರುವ ಎರಡನೆಯ ದಾರಿ ಎಲ್ಲಿ ತೆರೆದುಕೊಳ್ಳುತ್ತದೆ, ಕ್ಯಾಮೆರಾ ಮತ್ತು ಟಾರ್ಚುಗಳ ಲಿಥಿಯಂ ಬ್ಯಾಟರಿಗಳನ್ನು ಎಲ್ಲಿ ಚಾರ್ಜ್ ಮಾಡಲಾಗುತ್ತದೆ, ಆಮ್ಲಜನಕ ಎಷ್ಟು ಹೊತ್ತಿಗೆ ಸಾಲುವಷ್ಟಿದೆ, ದೇಹದಲ್ಲಿ ಕೂಡಿದ ನೈಟ್ರೋಜನ್ ಗುಳ್ಳೆಗಟ್ಟಿ ಒತ್ತಡಕೋಣೆಯ ಚಿಕಿತ್ಸೆ ಬೇಕಾದರೆ ಎಲ್ಲಿಗೆ ಒಯ್ಯುತ್ತೀರಿ. ನೇರವಾಗಿ ಉತ್ತರಿಸದ ದೋಣಿಯನ್ನು, ಬೆಲೆ ಎಷ್ಟೇ ಅಗ್ಗವಾಗಿದ್ದರೂ, ಬಿಟ್ಟುಬಿಡಿ. ಹತ್ತಿದ ಮೊದಲ ರಾತ್ರಿ, ದೀಪ ಆರಿಸಿ, ಗೋಡೆ ಸವರಿಕೊಂಡು ಆ ಎರಡನೆಯ ದಾರಿಯಲ್ಲಿ ಒಮ್ಮೆ ಹೊರಬನ್ನಿ. ನಾನು ಕೆಲಸಕ್ಕೆ ಸೇರಿದ ಪ್ರತಿ ದೋಣಿಯಲ್ಲೂ ಹೀಗೆ ಮಾಡಿದ್ದೇನೆ.

ಪ್ರಶ್ನೆ (ಬೆಂಗಳೂರಿನ ಮೊದಲ ಸದಸ್ಯರು): ಕೊನೆಯದಾಗಿ, ತಿಂಗಳು ಮತ್ತು ಮರಳುವ ವಿಮಾನದ ಬಗ್ಗೆ ತಿಳಿಸಿ. ನಮ್ಮಂಥವರು ಹೋದರೆ ಯಾವ ತಾಣಗಳನ್ನು ತಪ್ಪಿಸಿಕೊಳ್ಳಬಾರದು?

ಉತ್ತರ: ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ದೋಣಿಗಳು ಸೊರೊಂಗ್ ಬಂದರಿನಿಂದ ಹೊರಡುತ್ತವೆ. ಹಲವು ದಿನ ಡೈವ್ ಮಾಡಿದವರು, ದೇಹದಲ್ಲಿ ಕೂಡಿದ ನೈಟ್ರೋಜನ್ ಇಳಿಯಲೆಂದು, ಕೊನೆಯ ಡೈವ್‌ನ ನಂತರ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. ನೀವು 24 ಗಂಟೆಯೆಂದೇ ಇಟ್ಟುಕೊಳ್ಳಿ. ಆ ಬಿಡುವಿನ ದಿನ ಪಿಯಾನೆಮೊದ ಮೆಟ್ಟಿಲು ಹತ್ತಿ ಸುಣ್ಣಕಲ್ಲಿನ ದ್ವೀಪಗಳನ್ನು ಮೇಲಿನಿಂದ ನೋಡಬಹುದು, ಅಥವಾ ನಸುಕಿನಲ್ಲೆದ್ದು ಕೆಂಪು ಸ್ವರ್ಗಪಕ್ಷಿಯ ನರ್ತನ ನೋಡಬಹುದು; ಆ ಹಕ್ಕಿಗಾಗಿಯೇ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ವಾಲೇಸ್ 1860ರಲ್ಲಿ ವೈಗಿಯೊಗೆ ಬಂದಿದ್ದ. ಪಾಪುವಾ ಭಾಗದಲ್ಲಿ ಮಲೇರಿಯಾ ಇದೆ. ತಡೆಮಾತ್ರೆ ಬರೆಸಿಕೊಳ್ಳುವಾಗ ಡೈವ್ ಮಾಡುವ ವಿಚಾರವನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಮೆಫ್ಲೊಕ್ವಿನ್ ಎಂಬ ತಡೆಮಾತ್ರೆ ಡೈವರ್‌ಗಳಿಗೆ ಸೂಕ್ತವಲ್ಲ.

ತಾಣಗಳಲ್ಲಿ ನಾನು ಮೊದಲು ಹೇಳುವುದು ಮಾಂಟಾ ಸ್ಯಾಂಡಿ. ಅಲ್ಲಿ ಮರಳಿನ ಮೇಲೆ ಹವಳದ ಚೂರುಗಳನ್ನು ಸಾಲಾಗಿ ಜೋಡಿಸಿ ಗೆರೆ ಹಾಕಿದ್ದಾರೆ, ಡೈವರ್‌ಗಳು ಆ ಗೆರೆಯ ಹಿಂದೆಯೇ ಇರಬೇಕು. ಎದುರಿನ ಹವಳದ ಗುಡ್ಡೆಗೆ ಮಾಂಟಾ ತೊರಕೆಗಳು ಮೈ ಶುಚಿ ಮಾಡಿಸಿಕೊಳ್ಳಲು ಬರುತ್ತವೆ. ಮೂರು ಮೀಟರಿಗೂ ಅಗಲವಾದ ಆ ಜೀವಿ ರೆಕ್ಕೆಯಾಡಿಸುವುದನ್ನು ನಿಧಾನಿಸಿ ನಿಂತಾಗ, ಬೆರಳುದ್ದದ ಮೀನುಗಳು ಅದರ ಕಿವಿರುಗಳೊಳಗೆ ಹೊಕ್ಕು ಹುಳುಗಳನ್ನು ಹೆಕ್ಕುತ್ತವೆ. ನೀವು ಉಸಿರನ್ನು ಮೆಲ್ಲಗೆ ಬಿಡುತ್ತ ಕುಳಿತಿದ್ದರೆ ಅದು ಹೋಗುವಾಗ ನಿಮ್ಮ ತಲೆಯ ಮೇಲೆಯೇ ಹಾಯುತ್ತದೆ, ಹೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳನ್ನು ಎಣಿಸಬಹುದು. ಆ ಮಚ್ಚೆಗಳ ವಿನ್ಯಾಸದಿಂದಲೇ ಸಂಶೋಧಕರು ಒಂದೊಂದು ಮಾಂಟಾವನ್ನೂ ಗುರುತಿಸುತ್ತಾರೆ. ಯಾರಾದರೂ ಗೆರೆ ದಾಟಿ ಹತ್ತಿರ ಹೋದರೆ ಅದು ತಿರುಗಿ ಹೊರಟುಬಿಡುತ್ತದೆ, ಅಂದಿನ ಮಟ್ಟಿಗೆ ಎಲ್ಲರಿಗೂ ಅದು ಹೋದಂತೆಯೇ.

ಮಿಸೂಲ್ ಕಡೆಯ ಬಂಡೆಗಳನ್ನು ಪ್ರವಾಸದ ಎರಡನೆಯ ಭಾಗದಲ್ಲಿ ಇಟ್ಟಿರುವ ದೋಣಿಯನ್ನೇ ಆರಿಸಿರಿ. ಅಷ್ಟರಲ್ಲಿ ನಿಮಗೆ ಸೆಳೆತ ಒಗ್ಗಿರುತ್ತದೆ. ಅಡ್ವಾನ್ಸ್ಡ್ ತರಬೇತಿ ಮುಗಿದ ಮೇಲೆ ನಿಮ್ಮ ಡೈವ್ ಪುಸ್ತಕದ ಕೊನೆಯ ಹತ್ತು ಪುಟಗಳನ್ನು ಇಲ್ಲಿ ಹಾಕಿ. ಯಾವ ಮಾರ್ಗದ ಪ್ರವಾಸ ಹೊಂದುತ್ತದೆ ಎಂಬುದನ್ನು ಅವುಗಳನ್ನು ನೋಡಿ ಹೇಳುತ್ತೇನೆ.