ಯುಗಾದಿಗೆ ಶ್ರೀಶೈಲ: ನನ್ನ ಕಾಲು ಒಗ್ಗುತ್ತಿದೆಯೋ, ಕೆಡುತ್ತಿದೆಯೋ?

ಕೇಳಿದವರು: ಶಿಕ್ಷಕಿ, ನವನಗರ, ಬಾಗಲಕೋಟೆ

ನನಗೆ 44 ವರ್ಷ. ಬರುವ ಯುಗಾದಿಗೆ ನಮ್ಮ ಓಣಿಯವರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಹರಕೆ ಇದೆ. ಇನ್ನು ಐದು ತಿಂಗಳು ಉಳಿದಿವೆ. ಐದು ವಾರಗಳಿಂದ ನಸುಕಿನಲ್ಲಿ ಎದ್ದು ಇಲ್ಲಿನ ಸೆಕ್ಟರ್ ರಸ್ತೆಗಳಲ್ಲಿ ಮುಕ್ಕಾಲು ಗಂಟೆ ನಡೆಯುತ್ತಿದ್ದೇನೆ. ಮೊದಲ ವಾರ ಏದುಸಿರು ಬರುತ್ತಿತ್ತು. ಈಗ ಮಾತನಾಡುತ್ತಲೇ ನಡೆಯಬಲ್ಲೆ. ಆ ಹುರುಪಿನಲ್ಲಿ ಹತ್ತು ದಿನಗಳಿಂದ ನಡುನಡುವೆ ಓಡಲು ಶುರು ಮಾಡಿದೆ. ಈಗ ಮೊಣಕಾಲಿಗೂ ಪಾದಕ್ಕೂ ನಡುವಿನ ಎಲುಬಿನ ಒಳಬದಿ ನೋಯುತ್ತಿದೆ. ತೂಕವೂ ಇಳಿಯುವ ಬದಲು ಒಂದು ಕಿಲೋ ಏರಿದೆ. ಉಸಿರು ಸುಧಾರಿಸಿದ ಮೇಲೆ ಕಾಲಿಗೇಕೆ ಹೀಗಾಗುತ್ತಿದೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಶುಶ್ರೂಷಕಿ, ಬೆಳಗಾವಿ

ಅಕ್ಕಾ, ತೂಕದ ಚಿಂತೆ ಬಿಡಿ. ನಾನು ಕೋಟೆ ಕೆರೆಯ ದಂಡೆಯಲ್ಲಿ ನಡೆಯಲು ಶುರು ಮಾಡಿದ ಮೊದಲ ತಿಂಗಳು ನನಗೂ ಹೀಗೆಯೇ ಆಗಿತ್ತು. ಅದರಲ್ಲಿ ಹೆಚ್ಚಿನ ಪಾಲು ನೀರು. ವ್ಯಾಯಾಮ ಶುರುವಾದ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ. ಸ್ನಾಯುಗಳು ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಡುತ್ತವೆ, ಒಂದು ಗ್ರಾಂ ಗ್ಲೈಕೊಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಏದುಸಿರು ಇಷ್ಟು ಬೇಗ ನಿಂತದ್ದಕ್ಕೂ ಆ ಹೆಚ್ಚಿದ ದ್ರವವೇ ಒಂದು ಕಾರಣ: ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳುತ್ತದೆ. ಸ್ನಾಯುವಿನ ಒಳಗೆ ಹೊಸ ಸೂಕ್ಷ್ಮ ರಕ್ತನಾಳಗಳು ಮೂಡುವುದು, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುವುದು ನಿಧಾನದ ಕೆಲಸ. ಅದಕ್ಕೆ ವಾರಗಟ್ಟಲೆ ಬೇಕು.

ಒಂದು ಮಾತು ತಪ್ಪದೆ ಕೇಳಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ನಮ್ಮ ಹೆಣ್ಣುಮಕ್ಕಳು ರಕ್ತಹೀನತೆಯ ಆಯಾಸವನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರುವುದನ್ನು ನಾನು ದಿನವೂ ನೋಡುತ್ತೇನೆ.

ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಿಜಯಪುರ

ತಂಗಿ, ನಿಮ್ಮ ಉಸಿರು ಒಗ್ಗಿದೆ, ಎಲುಬು ಇನ್ನೂ ಒಗ್ಗಿಲ್ಲ. ಉತ್ತರ ಇಷ್ಟೇ. ಆದರೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ತಿಳಿಯದೆ ನಾನು ಒಂದು ಮಗುವಿಗೆ ನೋವು ಕೊಟ್ಟಿದ್ದೇನೆ.

ರಕ್ತ ದಿನಗಳಲ್ಲಿ ಬದಲಾಗುತ್ತದೆ ಎಂದು ಮೇಲೆ ಹೇಳಿದ್ದಾರೆ. ನರಗಳು ವಾರಗಳಲ್ಲಿ ಕಲಿಯುತ್ತವೆ. ಗರಡಿಮನೆಗೆ ಹೊಸದಾಗಿ ಬಂದ ಹುಡುಗ ಇಪ್ಪತ್ತು ಬೈಠಕ್‌ಗೆ ಕುಸಿಯುತ್ತಾನೆ, ತಿಂಗಳು ತುಂಬುವಷ್ಟರಲ್ಲಿ ಅದರ ಎರಡರಷ್ಟು ಹೊಡೆಯುತ್ತಾನೆ. ತೊಡೆಗೆ ದಾರ ಸುತ್ತಿ ಅಳೆದರೆ ಹೆಚ್ಚಳವೇನೂ ಕಾಣುವುದಿಲ್ಲ. ಇದ್ದ ಸ್ನಾಯುವಿನ ಎಳೆಗಳನ್ನೇ ಒಟ್ಟಿಗೆ ದುಡಿಸುವುದನ್ನು ನರ ಕಲಿತಿರುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಎರಡು ತಿಂಗಳಾದರೂ ಹಿಡಿಯುತ್ತದೆ. ಅದನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುವಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಅದು ಇನ್ನೂ ನಿಧಾನ.

ಎಲುಬಿನ ರೀತಿಯೇ ಬೇರೆ. ಹಳೆಯ ಗೋಡೆಗೆ ಹೊಸ ಗಿಲಾವು ಮಾಡುವವರು ಮೊದಲು ಹಳೆಯದನ್ನು ಕೆರೆದು ತೆಗೆಯುತ್ತಾರಲ್ಲ, ಹಾಗೆ. ಹೊಸ ಭಾರ ಬಿದ್ದಾಗ ಎಲುಬು ತನ್ನ ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ಇದಕ್ಕೆ ಎರಡು ಮೂರು ವಾರ. ಆ ಜಾಗವನ್ನು ತುಂಬಿ ಗಟ್ಟಿ ಮಾಡಲು ಸುಮಾರು ಮೂರು ತಿಂಗಳು. ಅಂದರೆ ನಡುವೆ ಕೆಲವು ವಾರ ಆ ಭಾಗ ಮೊದಲಿಗಿಂತ ದುರ್ಬಲವಾಗಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಉಸಿರು ಹಗುರಾಗಿ, ಇನ್ನಷ್ಟು ಓಡೋಣ ಎನ್ನಿಸುತ್ತದೆ. ನೀವು ಈಗ ಅಲ್ಲಿದ್ದೀರಿ.

ಚಿಕ್ಕಂದಿನಲ್ಲಿ ನಾನು ಸಾಮು ತೆಗೆಯುತ್ತಿದ್ದ ಗರಡಿಯ ಉಸ್ತಾದರು ಕಾಲು ನೋವು ಎಂದವರನ್ನು ಕಟ್ಟೆಯ ಮೇಲೆ ಕೂರಿಸಿ, ಹೆಬ್ಬೆರಳಿನಿಂದ ಪಾದದ ಗಂಟಿನ ಮೇಲಿಂದ ಎಲುಬಿನ ಗುಂಟ ಒಂದೊಂದೇ ಅಂಗುಲ ಒತ್ತುತ್ತಾ ಬರುತ್ತಿದ್ದರು. ಕಣ್ಣು ಮಾತ್ರ ಹುಡುಗನ ಮುಖದ ಮೇಲೆ. ಗೇಣುದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಎರಡು ವಾರ ಓಟ ಬಂದ್. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ನೋವು ಚುಚ್ಚಿ, ಹುಡುಗ ಕಾಲು ಹಿಂದಕ್ಕೆ ಎಳೆದುಕೊಂಡರೆ ಮಣ್ಣಿಗೆ ಇಳಿಸುತ್ತಲೇ ಇರಲಿಲ್ಲ, ಆಸ್ಪತ್ರೆಗೆ ಕಳುಹಿಸುತ್ತಿದ್ದರು. ವೈದ್ಯರು ಇಂದಿಗೂ ಈ ವ್ಯತ್ಯಾಸವನ್ನು ನೋಡುತ್ತಾರೆ. ಎರಡನೆಯದು ಎಲುಬಿನ ಕೂದಲೆಳೆಯ ಬಿರುಕಿನ ಲಕ್ಷಣ ಇರಬಹುದು.

ಇದನ್ನು ಕಣ್ಣಾರೆ ಕಂಡಿದ್ದ ನಾನೇ ಶಿಕ್ಷಕನಾದ ಮೇಲೆ ಮರೆತೆ. ಕ್ರೀಡಾಕೂಟ ಹತ್ತಿರ ಬಂದಿತ್ತು. ಓಟದ ಹುಡುಗಿಯೊಬ್ಬಳು ಕಾಲು ನೋವು ಎಂದಾಗ ಒಗ್ಗುತ್ತದೆ, ಓಡು ಎಂದೆ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎರಡು ವಾರದ ನಂತರದ ಎಕ್ಸ್‌ರೇಯಲ್ಲಿ ಬಿರುಕು ಕಂಡಿತು. ಆರಂಭದ ಬಿರುಕು ಎಕ್ಸ್‌ರೇಗೆ ಸಿಗದಿರುವುದು ಸಾಮಾನ್ಯ ಎಂದು ಅಂದು ತಿಳಿಯಿತು. ಆ ವರ್ಷ ಅವಳು ಓಡಲಿಲ್ಲ. ಆ ತಪ್ಪು ನನ್ನದು.

ನೀವು ಓಟ ನಿಲ್ಲಿಸಿ. ಪಾದಯಾತ್ರೆಗೆ ಅದು ಬೇಕಾಗಿಯೂ ಇಲ್ಲ, ದೇಹ ತಾನು ಮಾಡಿದ್ದಕ್ಕೇ ಒಗ್ಗುತ್ತದೆ. ನೋವು ಬಾರದಷ್ಟು ದೂರ ನಡೆಯಿರಿ. ನೋವು ಪೂರ್ತಿ ಹೋದ ಮೇಲೆ ವಾರಕ್ಕೆ ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿ, ಪ್ರತಿ ನಾಲ್ಕನೆಯ ವಾರ ಸ್ವಲ್ಪ ಇಳಿಸಿ. ನಾನು ಮಕ್ಕಳಿಗೆ ಇಟ್ಟುಕೊಂಡ ಲೆಕ್ಕ ಇದು. ವಾರಕ್ಕೆ ಎರಡು ದಿನ ಬೈಠಕ್ ಮಾಡಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಊಟದಲ್ಲಿ ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇರಲಿ. ಖಾಲಿ ರೊಟ್ಟಿ ಚಹಾದಲ್ಲಿ ಎಲುಬು ಕಟ್ಟುವುದಿಲ್ಲ.

ರೈತ, ಜಮಖಂಡಿ ತಾಲ್ಲೂಕು

ಅಕ್ಕಾವರೇ, ನಾನು ಐದು ಸಲ ಮಲ್ಲಯ್ಯನ ಬೆಟ್ಟಕ್ಕೆ ನಡೆದಿದ್ದೇನೆ. ಎಲ್ಲರೂ ಏರಿಗೆ ಹೆದರುತ್ತಾರೆ, ಕಾಲು ಕೆಡುವುದು ಇಳಿಜಾರಿನಲ್ಲಿ. ನಲ್ಲಮಲ ಕಾಡಿನಲ್ಲಿ ಭೀಮನಕೊಳ್ಳಕ್ಕೆ ಇಳಿದ ಮರುದಿನ, ಅದರ ಮರುದಿನ ತೊಡೆಗಳು ಕಲ್ಲಾಗುತ್ತವೆ. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯಬೇಕಾಗುತ್ತದೆ, ಒಳಗಿನ ಎಳೆಗಳು ಸಣ್ಣಗೆ ಹರಿಯುತ್ತವೆ. ಲ್ಯಾಕ್ಟಿಕ್ ಆಮ್ಲ ಕೂಡುವುದರಿಂದ ಈ ನೋವು ಎಂದು ಜನ ಹೇಳುತ್ತಾರೆ. ಅದು ವಿಶ್ರಾಂತಿಗೆ ಕುಳಿತ ಒಂದೆರಡು ಗಂಟೆಯೊಳಗೇ ರಕ್ತದಿಂದ ಹೋಗಿರುತ್ತದೆ, ನೋವು ಮಾತ್ರ ಎರಡನೆಯ ದಿನ ಹೆಚ್ಚುತ್ತದೆ. ಒಂದು ಸಲ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿತಕ್ಕೆ ಅಷ್ಟು ನೋಯುವುದಿಲ್ಲ. ಹಾಗಾಗಿ ಕಾಲು ವಾಸಿಯಾದ ಮೇಲೆ, ಹೊರಡುವ ಹದಿನೈದು ದಿನ ಮೊದಲು ಬಾದಾಮಿಗೆ ಹೋಗಿ ಮೆಟ್ಟಿಲು ಹತ್ತಿ ಇಳಿದು ಬನ್ನಿ. ಇಳಿಯುವುದನ್ನು ನಿಧಾನವಾಗಿ ಮಾಡಿ.

ಇನ್ನೊಂದು, ಬಿಸಿಲು. ನೀವು ನಸುಕಿನಲ್ಲಿ ನಡೆಯುತ್ತೀರಿ, ಯಾತ್ರೆಯಲ್ಲಿ ಹಗಲೂ ನಡೆಯಬೇಕಾಗುತ್ತದೆ. ಕೊನೆಯ ಎರಡು ವಾರ ಇಳಿಹೊತ್ತಿನ ಬಿಸಿಲಿನಲ್ಲಿ ನಡೆಯಿರಿ. ಮೊದಲ ದಿನಗಳಲ್ಲಿ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆಗಳು ಮೂಡುತ್ತವೆ. ಹತ್ತು ದಿನ ಕಳೆದರೆ ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಗೆರೆ ಮಾತ್ರ ಮಾಸಲು. ಬೆವರಿನ ಉಪ್ಪನ್ನು ದೇಹ ಉಳಿಸಿಕೊಳ್ಳಲು ಕಲಿತಿರುತ್ತದೆ. ದಾರಿಯ ದಾಸೋಹಗಳಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರೆ ಬೇಡ ಎನ್ನಬೇಡಿ. ಹೊಸ ಚಪ್ಪಲಿ ಹಾಕಿಕೊಂಡು ಮಾತ್ರ ಹೊರಡಬೇಡಿ, ಬೊಬ್ಬೆ ಎದ್ದರೆ ಎರಡನೆಯ ದಿನವೇ ಟ್ರ್ಯಾಕ್ಟರ್ ಹತ್ತಬೇಕಾಗುತ್ತದೆ.

ಬಟ್ಟೆ ವ್ಯಾಪಾರಿ, ಬೆಳಗಾವಿ

ನಿಮ್ಮ ಗುಂಪಿನಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಇದನ್ನು ತಿಳಿಸಿ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಅದರ ಪರಿಣಾಮ ಮರುದಿನದವರೆಗೂ ಇರುತ್ತದೆ. ನಾನು ಎಂದಿನಂತೆ ಮಾತ್ರೆ ನುಂಗಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋದಾಗ ಕೈ ನಡುಗಿ, ತಣ್ಣನೆಯ ಬೆವರು ಬಂದು ರಸ್ತೆಯಲ್ಲೇ ಕುಳಿತೆ. ಜೊತೆಯವರು ಬೆಲ್ಲದ ನೀರು ಕುಡಿಸಿದರು. ಹೊರಡುವ ಮೊದಲೇ ವೈದ್ಯರನ್ನು ಕೇಳಿ ಔಷಧದ ಪ್ರಮಾಣ ನಿರ್ಧರಿಸಿಕೊಳ್ಳಲಿ.

ಕೇಳಿದವರು

ಎಲ್ಲರಿಗೂ ಶರಣು. ರಾತ್ರಿಯೇ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಲಗಾಲಿನಲ್ಲಿ ಗೇಣುದ್ದಕ್ಕೂ ಮಂದ ನೋವು, ಎಡಗಾಲಿನಲ್ಲಿ ಅದಕ್ಕಿಂತ ಕಡಿಮೆ. ಒಂದೇ ಕಡೆ ಚುಚ್ಚುವುದಿಲ್ಲ. ಓಟ ನಿಲ್ಲಿಸಿದ್ದೇನೆ. ಆದರೆ ಗುರುಗಳೇ, ಮುಂದಿನ ತಿಂಗಳು ತರಬೇತಿಗೆಂದು ಎರಡು ವಾರ ಬೇರೆ ಊರಿನಲ್ಲಿ ಇರಬೇಕು. ಅಷ್ಟರಲ್ಲಿ ಗಳಿಸಿದ್ದೆಲ್ಲ ಹೋಗುವುದೇ?

ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಿಜಯಪುರ

ಇಲ್ಲ ತಂಗಿ. ಬೇಗ ಬಂದದ್ದು ಬೇಗ ಹೋಗುತ್ತದೆ, ರಕ್ತದ ದ್ರವಾಂಶ ಕೆಲವು ದಿನಗಳಲ್ಲೇ ಇಳಿಯುವುದರಿಂದ ಮರಳಿದ ಮೇಲೆ ಮೊದಲೆರಡು ದಿನ ಮತ್ತೆ ಏದುಸಿರು ಬರಬಹುದು. ಸ್ನಾಯುವಿನ ಬಲ ಎರಡು ವಾರಕ್ಕೆ ಕುಂದುವುದಿಲ್ಲ. ಅಲ್ಲಿ ಕೋಣೆಯಲ್ಲೇ ಬೈಠಕ್ ಮಾಡಿ, ಊಟದ ನಂತರ ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ, ಸಾಕು. ಮರಳಿದ ದಿನ ಮುಕ್ಕಾಲು ಗಂಟೆ ಬೇಡ, ಅರ್ಧ ಗಂಟೆಯಿಂದ ಶುರು ಮಾಡಿ. ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ಎಲುಬನ್ನು ಒತ್ತಿ ನೋಡುತ್ತಿರಿ. ಬಲಗಾಲಿನ ನೋವು ಒಂದೇ ಬಿಂದುವಿಗೆ ಬಂದು ನಿಂತರೆ, ಇಲ್ಲವೇ ರಾತ್ರಿ ಮಲಗಿದಾಗಲೂ ಕಾಡಿದರೆ ನನ್ನ ಉತ್ತರಕ್ಕೆ ಕಾಯಬೇಡಿ, ನೇರವಾಗಿ ಮೂಳೆ ವೈದ್ಯರ ಬಳಿ ಹೋಗಿ.