ರಮಾಮಣಿ ಅವರ ಜಾಝ್: ಮೊದಲು ಯಾವುದು ಕೇಳಲಿ?

ಬಸವನಗುಡಿ ಹುಡುಗಿ:
ನಾನು ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ನಮ್ಮ ಬೆಂಗಳೂರಿನ ಆರ್. ಎ. ರಮಾಮಣಿ ಅವರು ಜಾಝ್‌ನವರ ಜೊತೆ ಹಾಡಿದ್ದಾರಂತೆ. ಎಲ್ಲಿಂದ ಶುರು ಮಾಡಲಿ?

ಮೃದಂಗಪ್ರಿಯ:
1983ರ ‘ಜ್ಯೋತಿ’ ಆಲ್ಬಮ್‌ನಿಂದಮ್ಮ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ್ದು. ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ರಮಾಮಣಿ ಅವರ ಪತಿ ಟಿ. ಎ. ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ, ಬಾಯಲ್ಲೇ ತಾಳದ ಜತಿ ಹೇಳುವ ಕೊನ್ನಕೋಲು. ತಂಬೂರಿ ರಮಾಮಣಿ ಅವರದೇ. ರಾತ್ರಿ ದೀಪ ಆರಿಸಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸ್ಯಾಕ್ಸೊಫೋನ್ ಎಲ್ಲಿ ನಿಂತಿತು, ದನಿ ಎಲ್ಲಿ ಎದ್ದಿತು, ಗೊತ್ತೇ ಆಗಲಿಲ್ಲ. ಮೈ ಜುಮ್ಮೆಂದಿತು.

ಬಸವನಗುಡಿ ಹುಡುಗಿ:
ಗಮಕ, ಅಂದರೆ ಸ್ವರವನ್ನು ತೂಗಿ ಬಳುಕಿಸುವುದು, ಅದನ್ನು ಬಿಟ್ಟು ಹಾಡುತ್ತಾರಾ ಸರ್?

ಮೃದಂಗಪ್ರಿಯ:
ಇಲ್ಲಮ್ಮ, ಗಮಕ ಹಾಗೇ ಇದೆ. ನನಗೆ ಜಾಸ್ತಿ ಇಷ್ಟವಾಗಿದ್ದೇ ಅದು.

ಮಲ್ಲೇಶ್ವರದ ಅಜ್ಜ:
ಮಣಿ ಅವರು 1964ರಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವೇ ‘ಜ್ಯೋತಿ’ಯಲ್ಲಿ ಇರುವುದು. ಸುಮ್ನೆ ಒಂದು ಸಲ ಕೇಳಿ ಬಿಡಬೇಡ ಮಗಳೇ, ತಾಳ ಹಾಕುತ್ತಾ ಕೇಳು.