ಗೋಡೆ ಬಿಟ್ಟ ಕೂಡಲೇ ಬೀಳ್ತೀನಿ, ಏನು ಮಾಡಲಿ? ಹ್ಯಾಂಡ್‌ಸ್ಟ್ಯಾಂಡ್ ತರಬೇತುದಾರರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಆರು ತಿಂಗಳಿಂದ ಹ್ಯಾಂಡ್‌ಸ್ಟ್ಯಾಂಡ್ (ಕೈ ಮೇಲೆ ತಲೆಕೆಳಗಾಗಿ ನಿಲ್ಲೋದು) ಅಭ್ಯಾಸ ಮಾಡ್ತಿದ್ದೇನೆ. ಬೆನ್ನು ಗೋಡೆ ಕಡೆ ಬರುವ ಹಾಗೆ ಕಾಲು ಎಸೆದು, ಒರಗಿಕೊಂಡು ಒಂದು ನಿಮಿಷ ನಿಲ್ಲುತ್ತೇನೆ. ಗೋಡೆ ಇಲ್ಲದಿದ್ದರೆ ಎರಡು ಸೆಕೆಂಡೂ ನಿಲ್ಲೋಕಾಗಲ್ಲ. ಒಂದು ಸಲ ಆ ಕಡೆ ಬಿದ್ದು ಬೆನ್ನಿಗೆ ಏಟಾಯಿತು. ಆವತ್ತಿಂದ ಭಯ. ತೋಳಿಗೆ ಶಕ್ತಿ ಸಾಲದಾ? ಪುಷ್‌ಅಪ್ ಜಾಸ್ತಿ ಮಾಡಲಾ?

ಉತ್ತರ: ಒಂದು ನಿಮಿಷ ಇಡೀ ಮೈ ಹೊರುವ ತೋಳಿಗೆ ಶಕ್ತಿ ಇದೆ. ಪುಷ್‌ಅಪ್ ಸದ್ಯಕ್ಕೆ ಬಿಡಿ. ನಿಮ್ಮ ಬೆರಳುಗಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಅಷ್ಟೇ.

ಒಂದು ಪರೀಕ್ಷೆ ಮಾಡಿ. ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿ. ಮೈ ಚೂರು ಮುಂದೆ ವಾಲಿದರೆ ಕಾಲ್ಬೆರಳು ತಾವಾಗಿಯೇ ನೆಲ ಒತ್ತುತ್ತವೆ. ಹಿಂದೆ ವಾಲಿದರೆ ಭಾರ ಹಿಮ್ಮಡಿಗೆ ಇಳಿಯುತ್ತದೆ. ನಿಲ್ಲುವುದು ಅಂದರೆ ಅಲ್ಲಾಡದೆ ಇರುವುದಲ್ಲ, ಅಲ್ಲಾಡಿದ್ದನ್ನು ಸರಿ ಮಾಡಿಕೊಳ್ಳುತ್ತಾ ಇರುವುದು. ಕೈ ಮೇಲೂ ಇದೇ ಲೆಕ್ಕ. ಕಾಲು ಬೆನ್ನಿನ ಕಡೆಗೆ ಜಾರಿದಾಗ ಬೆರಳ ತುದಿ ಒತ್ತಿ ವಾಪಸ್ ತರಬೇಕು. ಹೊಟ್ಟೆಯ ಕಡೆಗೆ ಇಳಿದಾಗ ಮಾತ್ರ ಕಷ್ಟ, ಯಾಕೆಂದರೆ ಮಣಿಕಟ್ಟಿನ ಹಿಂದೆ ಒತ್ತಲು ಕೈಯೇ ಇಲ್ಲ. ಅದಕ್ಕೇ ಭಾರ ಯಾವಾಗಲೂ ತುಸು ಬೆರಳಿನ ಕಡೆಗೇ ಇರಲಿ.

ಗೋಡೆಗೆ ಒರಗಿದಾಗ ಬೀಳದಂತೆ ಹಿಡಿಯುವುದು ಗೋಡೆ. ಬೆರಳು ಸುಮ್ನೆ ಬಿದ್ದಿರುತ್ತವೆ. ಆರು ತಿಂಗಳು ನೀವು ಮಾಡಿದ್ದು ಒರಗುವ ಅಭ್ಯಾಸ. ಅದು ವ್ಯರ್ಥ ಅಂತ ಖಂಡಿತ ಹೇಳಲ್ಲ, ಭುಜಕ್ಕೆ ಬಲ ಬಂದಿದೆ. ಇನ್ನು ಗೋಡೆಯನ್ನು ಬೇರೆ ರೀತಿ ಬಳಸಿ. ಈಗಿನ ಹಾಗೇ ಮೇಲೆ ಹೋಗಿ, ಹಿಮ್ಮಡಿ ಮಾತ್ರ ತಾಗಿರಲಿ. ಕಾಲಿಂದ ಗೋಡೆ ತಳ್ಳಬೇಡಿ. ಬೆರಳ ಗೆಣ್ಣುಗಳನ್ನು ಸ್ವಲ್ಪ ಎತ್ತಿ, ತುದಿಗಳಿಂದ ನೆಲ ಹಿಡಿದು ಒತ್ತಿ. ಉಗುರು ಬೆಳ್ಳಗಾಗುವಷ್ಟು ಒತ್ತಿದರೆ ಹಿಮ್ಮಡಿ ತಾನಾಗಿಯೇ ಗೋಡೆ ಬಿಡುತ್ತದೆ. ಮೊದಲ ದಿನ ಅರ್ಧ ಸೆಕೆಂಡ್ ಸಿಕ್ಕಿದರೂ ಖುಷಿಪಡಿ. ಆ ಅರ್ಧ ಸೆಕೆಂಡಿನಲ್ಲಿ ನಿಮ್ಮನ್ನು ನಿಲ್ಲಿಸಿದ್ದು ನಿಮ್ಮ ಕೈ.

ಮೈ ನೇರ ಬರಲು ಎದೆ ಗೋಡೆ ಕಡೆ ಇರುವ ಹಾಗೂ ಮಾಡಿ. ಕಾಲನ್ನು ಗೋಡೆ ಮೇಲೆ ನಡೆಸುತ್ತಾ ಕೈಯನ್ನು ಹತ್ತಿರ ತನ್ನಿ, ವಾಪಸ್ ನಡೆದು ಇಳಿಯುವಷ್ಟು ದಮ್ಮು ಉಳಿಸಿಕೊಳ್ಳಿ. ಭುಜವನ್ನು ಕಿವಿಯ ಕಡೆಗೆ ಎತ್ತಿ ನೆಲವನ್ನು ದೂಡಿ. ಬೇರೆ ವ್ಯಾಯಾಮಗಳಲ್ಲಿ ಭುಜ ಕೆಳಗಿಳಿಸಿ ಅಂತಾರಲ್ವಾ, ಇಲ್ಲಿ ಉಲ್ಟಾ. ನೋಟ ಎರಡು ಕೈಗಳ ನಡುವೆ ಇರಲಿ.

ಭಯದ ವಿಷಯವನ್ನು ಮಾತ್ರ ದಯವಿಟ್ಟು ಮುಂದೂಡಬೇಡಿ. ಬೀಳುವುದು ಗೊತ್ತಿಲ್ಲದವರ ಮೈ ಮೇಲಕ್ಕೆ ಹೋಗೋದೇ ಇಲ್ಲ, ಅರ್ಧದಲ್ಲೇ ವಾಪಸ್ ಬರುತ್ತದೆ. ಮೊದಲು ಲಾಗ ಹಾಕುವುದಲ್ಲ, ಚಕ್ರದ ಹಾಗೆ ಪಕ್ಕಕ್ಕೆ ಉರುಳಿ ಇಳಿಯುವ ಕಾರ್ಟ್‌ವೀಲ್ ಕಲಿಯಿರಿ. ಆಮೇಲೆ, ಆ ಕಡೆ ಹೋಗ್ತಿದ್ದೀನಿ ಅನ್ನಿಸಿದ ತಕ್ಷಣ ಒಂದು ಕೈ ಎತ್ತಿ ಮುಂದೆ ಇಟ್ಟು ಸೊಂಟ ತಿರುಗಿಸಿ. ಕಾಲು ಒಂದಾದ ಮೇಲೊಂದು ಪಕ್ಕಕ್ಕೆ ಬರುತ್ತವೆ. ಒಂದು ವಾರ ಬೇಕಂತಲೇ ಹೀಗೆ ಬೀಳಿ. ಕೆಳಗೆ ಮ್ಯಾಟ್ ಇರಲಿ, ಸುತ್ತ ಜಾಗ ಖಾಲಿ ಇರಲಿ.

ದಿನಕ್ಕೆ 15ರಿಂದ 20 ನಿಮಿಷ, ವಾರಕ್ಕೆ 4 ದಿನ ಸಾಕು. ಸುಸ್ತಾದ ಮೇಲೆ ಮಾಡಿದ್ದರಲ್ಲಿ ಕೈ ಕಲಿಯುವುದು ಕಡಿಮೆ.

ಇನ್ನೊಬ್ಬರ ಪ್ರಶ್ನೆ: ನನಗೆ ಮಣಿಕಟ್ಟಿನ ಮೇಲ್ಭಾಗ ನೋಯುತ್ತದೆ ಸರ್. ರೂಢಿಯಾದ ಮೇಲೆ ಹೋಗುತ್ತಾ?

ಉತ್ತರ: ನೋವು ತಡೆದುಕೊಂಡು ರೂಢಿ ಮಾಡಬೇಡಿ. ಈ ಭಂಗಿಯಲ್ಲಿ ಮಣಿಕಟ್ಟು ಹತ್ತಿರ ಹತ್ತಿರ 90 ಡಿಗ್ರಿ ಹಿಂದಕ್ಕೆ ಬಾಗಬೇಕು, ಅದರ ಮೇಲೆ ಇಡೀ ಮೈ ಭಾರ. ಮೊದಲು ಮಂಡಿಯೂರಿ, ಅಂಗೈ ನೆಲಕ್ಕಿಟ್ಟು, ಮೈಯನ್ನು ನಿಧಾನಕ್ಕೆ ಹಿಂದೆ ಮುಂದೆ ತೂಗಿ. ಬೆರಳು ನೆಲದಲ್ಲೇ ಇಟ್ಟು ಅಂಗೈ ಮಾತ್ರ ಎತ್ತಿ ಇಳಿಸಿ. 5 ನಿಮಿಷವಾದರೂ ಮಾಡಿ. ಪ್ಯಾರಲೆಟ್ ಅಂತ ಪುಟ್ಟ ಹಿಡಿಕೆಗಳಿವೆ, ಅವನ್ನು ಹಿಡಿದು ನಿಂತರೆ ಮಣಿಕಟ್ಟು ನೇರವಾಗಿರುತ್ತದೆ. ಊತ ಇದ್ದರೆ, ಅಥವಾ ವಿಶ್ರಾಂತಿ ಕೊಟ್ಟರೂ ನೋವು ಹೋಗದಿದ್ದರೆ, ವೈದ್ಯರಿಗೆ ತೋರಿಸಿ.

ಮತ್ತೊಬ್ಬರ ಪ್ರಶ್ನೆ: ನನಗೆ 48 ವರ್ಷ, ಬಿಪಿ ಮಾತ್ರೆ ತಗೋತೀನಿ. ಈಗ ಶುರು ಮಾಡಬಹುದಾ?

ಉತ್ತರ: ವಯಸ್ಸು ಅಡ್ಡಿಯಲ್ಲ ಮೇಡಂ. ಆದರೆ ಬಿಪಿ ಇದ್ದರೆ ವೈದ್ಯರನ್ನು ಕೇಳದೆ ತಲೆಕೆಳಗಾಗಬೇಡಿ. ತಲೆ ಕೆಳಗಾದಾಗ ಕಣ್ಣಿನ ಒಳಗಿನ ಒತ್ತಡವೂ ಏರುತ್ತದೆ, ಹಾಗಾಗಿ ಗ್ಲಾಕೋಮಾ (ಕಣ್ಣಿನ ನರ ಹಾಳು ಮಾಡುವ ಕಾಯಿಲೆ) ಇದೆಯಾ ಅಂತ ಒಂದು ಸಲ ಕಣ್ಣನ್ನೂ ತೋರಿಸಿ. ಅವರು ಬೇಡ ಅಂದರೆ, ಬಕಾಸನ ಮಾಡಬಹುದಾ ಅಂತ ಕೇಳಿ. ಅದರಲ್ಲಿ ತಲೆ ಅಷ್ಟು ಕೆಳಗೆ ಹೋಗುವುದಿಲ್ಲ. ಅಂಗೈ ನೆಲಕ್ಕಿಟ್ಟು, ಮಂಡಿ ತೋಳಿಗೆ ಆನಿಸಿ, ಮುಂದೆ ದಿಂಬು ಇಟ್ಟುಕೊಂಡು, ಉಸಿರು ಬಿಗಿಹಿಡಿಯದೆ ಒಂದೊಂದೇ ಪಾದ ಎತ್ತಿ. ಮುಂದೆ ವಾಲಿದಾಗ ನಿಮ್ಮನ್ನು ತಡೆಯುವುದು ಅಲ್ಲೂ ಅದೇ ಹತ್ತು ಬೆರಳು.